ಕೌದಿಯ ಹೊಟ್ಟೆ

ಮೊದಲ ಕೋಟಿನ ತೋಳು ಕಂಕುಳಿಗೆ ಕೂಡಲಿಲ್ಲ. ತೋಳಿನ ಸುತ್ತಳತೆ ಕುಗ್ಗಿತ್ತು, ಕಂಕುಳ ಸುತ್ತು ಹಿಗ್ಗಿತ್ತು. ನಡುವೆ ಎಷ್ಟು ಅಂತರವಿತ್ತೆಂದು ಕೇಳಿದರೆ ನನ್ನ ನೆನಪು ಒಂದು ಗೇಣು ಎನ್ನುತ್ತದೆ. ಆಗಿನ ನೋಟ್‌ಬುಕ್ಕಿನಲ್ಲಿ ಎರಡೂವರೆ ಇಂಚು ಎಂದಿದೆ. ಆ ಕೋಟು, ಆ ತೋಳು ಎರಡೂ ಇನ್ನೂ ನನ್ನ ಬೀರುವಿನಲ್ಲಿವೆ. ಇದನ್ನು ಬರೆಯಲು ಕೂತಾಗ ತೆಗೆದು ಅಳೆದೆ. ಎರಡು ಇಂಚು, ಮೇಲೊಂದು ದಾರದಷ್ಟು. ಇಲ್ಲಿ ಆದಷ್ಟು ಬಟ್ಟೆಯನ್ನು ನಂಬಿ ಬರೆದಿದ್ದೇನೆ. ಬಟ್ಟೆ ಸಾಕ್ಷಿ ಹೇಳದ ಕಡೆ ನನ್ನನ್ನು ಅಷ್ಟಾಗಿ ನಂಬಬೇಡಿ.

ಹೊರದೇಶದ ಒಂದು ಅಂಗಡಿ ನನ್ನಿಂದ ಒಂಬತ್ತು ಕೋಟು ಕೇಳಿತ್ತು. ಒಳಗಿನ ಪಟ್ಟಿಯ ಮೇಲೆ ನನ್ನದೇ ಹೆಸರು. ಅಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಬೇರೆಯವರ ಹೆಸರಿನಲ್ಲಿ ಹೋಗುವ ಮದುವೆ ಲೆಹಂಗಾಗಳು. ಒಂಬತ್ತೂ ಪಾಸಾದರೆ ಮುಂದಿನ ವರ್ಷವೂ ಕೆಲಸ ಕೊಡುತ್ತೇವೆ ಎಂದಿದ್ದರು. ಪಾಸಾಗದಿದ್ದರೆ ಹೈದರಾಬಾದಿನ ಉಪ್ಪಲ್‌ನಲ್ಲಿರುವ ನನ್ನ ಸ್ಟುಡಿಯೋ, ಅದರ ನಾಲ್ಕು ಮಷೀನು, ಕಟಿಂಗ್ ಮಾಸ್ಟರ್, ನಾನು, ಎಲ್ಲ ಮರಳಿ ಲೆಹಂಗಾಕ್ಕೆ. ಅಂಗಡಿಯ ಏಜೆಂಟ್ ಬಂದು ಪರೀಕ್ಷೆ ಮಾಡುವ ದಿನಕ್ಕೆ ಹತ್ತು ವಾರವಿತ್ತು.

ಕೋಟುಗಳನ್ನು ಕೌದಿಯಲ್ಲೇ ಮಾಡಬೇಕೆಂದು ನಾನು ಹಟ ಹಿಡಿದಿದ್ದೆ. ಕಾರಣ, ಒಂದು ತಗಡಿನ ಬೇಲಿ.

ಗಚ್ಚಿಬೌಲಿಯಲ್ಲಿ ಒಬ್ಬ ಮದುಮಗಳಿಗೆ ಬ್ಲೌಸ್ ಸರಿಮಾಡಿಕೊಟ್ಟು ಗೇಟಿನ ಹೊರಗೆ ಕ್ಯಾಬ್ ಕಾಯುತ್ತಿದ್ದೆ. ಪಕ್ಕದ ಜಾಗದಲ್ಲಿ ಇನ್ನೊಂದು ಅಪಾರ್ಟ್‌ಮೆಂಟ್ ಏಳಬೇಕಿತ್ತು. ಅದರ ಬೇಲಿಯ ಮೇಲೆ ಕೌದಿಯೊಂದು ಬಿಸಿಲಿಗೆ ಬಿದ್ದಿತ್ತು. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತೇಪೆ ಜೋಡಿಸಿ, ಇಡೀ ಮೈಗೆ ಕೈಹೊಲಿಗೆ ಹಾಕಿದ ಹೊದಿಕೆ. ಕಲಬುರಗಿಯಲ್ಲಿ ಬೆಳೆದ ನಾನು ಇಂಥ ನೂರು ನೋಡಿರಬೇಕು. ಆದರೆ ಅವುಗಳಲ್ಲಿ ಒಂದನ್ನೂ ನೋಡಿರಲಿಲ್ಲ ಎಂದು ಆವತ್ತು ಗೊತ್ತಾಯಿತು. ಹೊಲಿಗೆಯ ಸಾಲು ಅಂಚಿನಿಂದ ಹೊರಟು, ಮೂಲೆಗೆ ಬಂದು, ಎಲ್ಲೂ ಮುರಿಯದೆ ತಿರುಗಿ, ಸುತ್ತು ಸುತ್ತುತ್ತ ನಡುವಿನತ್ತ ಹೋಗಿತ್ತು. ಸಾಲು ಸಾಲಿನ ನಡುವೆ ಒಂದೇ ಅಂತರ. ಚಾಕಿನ ಗುರುತಿಗಾಗಿ ಮೂಗು ತಾಗುವಷ್ಟು ಹತ್ತಿರ ಬಾಗಿ ಹುಡುಕಿದೆ. ಇರಲಿಲ್ಲ.

"ಏನ್ರಿ ಬಾಯಾರ, ಕೌದಿ ಓದಾಕತ್ತೀರೇನು?"

ಬೇಲಿಯ ಆಚೆ ಒಬ್ಬ ಹೆಂಗಸು ನಿಂತಿದ್ದಳು. ಐವತ್ತೈದೋ ಅರವತ್ತೋ ಇರಬೇಕು.

"ಇದು ಯಾರು ಹೊಲದದ್ರಿ?"

"ನಾನs ಹೊಲ್ದೀನಿ. ಯಾಕ, ತಪ್ಪೈತೇನು?"

"ತಪ್ಪಿಲ್ರಿ. ಭಾಳ ಛಂದ ಅದ."

ಆಕೆ ಹಿಂದೆ ತಿರುಗಿ ಶೆಡ್ಡಿನ ಕಡೆ ಕೂಗಿದಳು: "ಅದ ಅಂತಾಳ ನೋಡ್ರೆ. ಕಲಬುರ್ಗಿ ಕಡೇಕಿ ಇರಬೇಕು. ಪ್ಯಾಂಟ್ ನೋಡಿ ತೆಲುಗರಾಕಿ ಅನಕೊಂಡಿದ್ದೆ."

ಲಿಂಗಸೂರು ಕಡೆಯ ಐದು ಹೆಂಗಸರು ಅಲ್ಲಿದ್ದರು. ಮಳೆಗೆ ತಳಪಾಯದ ಗುಂಡಿಯಲ್ಲಿ ನೀರು ತುಂಬಿ, ಗಾರೆ ಹೊರುವ ಕೆಲಸ ನಿಂತಿತ್ತು. ಎಲ್ಲರಿಗಿಂತ ಹಿರಿಯಳಾದ ಈಕೆಯನ್ನು ಉಳಿದವರು ದೊಡ್ಡವ್ವ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಆಕೆಯ ಸೊಸೆಯೂ ಆ ಐವರಲ್ಲಿ ಒಬ್ಬಳು. ಗುಂಡಿ ಒಣಗುವವರೆಗೆ ಹಗಲೆಲ್ಲ ನನಗೆ ಹೊಲಿದುಕೊಡುವುದೆಂದು ಮಾತಾಯಿತು. ಗುಂಡಿ ಯಾವಾಗ ಒಣಗುತ್ತದೆಂದು ಯಾರಿಗೂ ಗೊತ್ತಿರಲಿಲ್ಲ.

ಹಳೆ ಹತ್ತಿ ಸೀರೆ ಬೇಕಿತ್ತು. ಹೈದರಾಬಾದಿನಲ್ಲಿ ಮನೆಮನೆಗೆ ತಿರುಗಿ ಹಳೆ ಸೀರೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರಿದ್ದಾರೆ. ನಾನು ಬೇಗಂ ಬಜಾರಿಗೆ ಹೋಗಿ ಡಬ್ಬಿ, ತಾಟು, ಬೋಗುಣಿ ಕೊಂಡು ಅವರಿಗೆ ಕೊಟ್ಟೆ. ಅವರು ಸೀರೆ ತಂದು ಹಾಕಿದರು. ಎರಡು ಗಂಟನ್ನು ಆಟೋದಲ್ಲಿಟ್ಟುಕೊಂಡು ಶೆಡ್ಡಿಗೆ ಒಯ್ದೆ. ದೊಡ್ಡವ್ವ ಒಂದೊಂದನ್ನೇ ಬಿಡಿಸಿ, ಎರಡು ಕೈಯಲ್ಲಿ ಹಿಡಿದು, ಕಿವಿಯ ಹತ್ತಿರ ಒಮ್ಮೆ ಎಳೆದು ಬಿಡುತ್ತಿದ್ದಳು. ಕೆಲವನ್ನು ಬಲಕ್ಕೆ ಇಟ್ಟಳು, ಕೆಲವನ್ನು ಎಡಕ್ಕೆ ಎಸೆದಳು.

"ಇದು ಸತ್ತೈತಿ. ಇದಕ್ಕ ಇನ್ನೂ ಜೀವ ಐತಿ." ಒಂದು ನೀಲಿ ಸೀರೆಯ ಮೇಲೆ ಅಂಗೈ ಆಡಿಸುತ್ತಾ ನಿಂತಳು. "ಈ ಸೀರಿಯಾಕಿ ಕೂಸಿನ್ನ ಎಡಗಡೆ ಎತ್ಕೊಂತಿದ್ಲು."

ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಉಟ್ಟಾಗ ಎಡ ಸೊಂಟಕ್ಕೆ ಬರುವ ಜಾಗದಲ್ಲಿ ಮಾತ್ರ ನೂಲು ತೆಳ್ಳಗಾಗಿ, ಜಾಲರಿಯಂತೆ ಕಾಣುತ್ತಿತ್ತು. ನಾನು ಕಲಿತ ಫ್ಯಾಷನ್ ಶಾಲೆಯಲ್ಲಿ ಸವೆತವನ್ನು ಅಳೆಯುವ ಯಂತ್ರವಿತ್ತು. ಅದು ಸವೆತ ಎಷ್ಟೆಂದು ಹೇಳುತ್ತಿತ್ತು. ಯಾರಿಂದ ಎಂದು ಹೇಳುತ್ತಿರಲಿಲ್ಲ.

ಕೆಲಸ ಶುರುವಾದದ್ದು ನನಗೆ ಗೊತ್ತಿದ್ದ ರೀತಿಯಲ್ಲೇ. ಮಾಸ್ಟರ್ ಕಾಗದದ ಮೇಲೆ ಕೋಟಿನ ಹನ್ನೊಂದು ಭಾಗ ಬರೆದರು. ಅವರು ಬೀದರಿನವರು, ನಲವತ್ತು ವರ್ಷ ಶೇರ್ವಾನಿ ಕತ್ತರಿಸಿದವರು; ಮನೆಯಲ್ಲಿ ದಖನಿ, ನನ್ನೊಡನೆ ಕನ್ನಡ, ಬೈಯಲಿಕ್ಕೆ ತೆಲುಗು. ಹೊಲಿಗೆ ಹಾಕಿದರೆ ಬಟ್ಟೆ ಕುಗ್ಗುತ್ತದೆಂದು ನಮಗೆ ಗೊತ್ತಿತ್ತು. ಹನ್ನೆರಡು ಇಂಚಿನ ಒಂದು ಚೌಕ ಹೊಲಿಸಿ ನೋಡಿದೆವು: ಹನ್ನೊಂದೂಕಾಲು ಇಂಚಾಯಿತು. ಆ ಲೆಕ್ಕದಲ್ಲಿ ಎಲ್ಲ ಭಾಗಕ್ಕೂ ಅಂಚು ಬಿಟ್ಟು ಮಾಸ್ಟರ್ ಐದು ಪದರವನ್ನು ಒಟ್ಟಿಗೆ ಕತ್ತರಿಸಿದರು. ನಾನು ಕಟ್ಟು ಕಟ್ಟಿಕೊಂಡು ಉಪ್ಪಲ್‌ನಲ್ಲಿ ಮೆಟ್ರೋ ಹತ್ತಿ, ನಗರದ ಈ ತುದಿಯಿಂದ ಆ ತುದಿಗೆ ಹೋಗಿ ಕೊಟ್ಟುಬಂದೆ.

ಭಾಗಗಳು ವಾಪಸು ಬಂದಾಗ ಬೆನ್ನು ಮುಕ್ಕಾಲು ಇಂಚು ಕುಗ್ಗಿತ್ತು, ಬಲ ಎದೆ ಒಂದೂಕಾಲು, ಎಡ ಎದೆ ಅರ್ಧ. ಬಟ್ಟೆ ಹೊಲಿಗೆಯ ಉದ್ದಕ್ಕೆ ಒಂದು ರೀತಿ ಕುಗ್ಗಿ ಅಡ್ಡಕ್ಕೆ ಇನ್ನೊಂದು ರೀತಿ ಕುಗ್ಗಿತ್ತು. ಅದರ ಮೇಲೆ ಐದು ಹೆಂಗಸರ ಕೈಯ ಬಿಗುವು ಐದು ಥರ. ಕಂಕುಳಿನಂಥ ಬಾಗಿದ ಕಡೆ ಕತ್ತರಿ ನೂಲನ್ನು ಓರೆಯಾಗಿ ಕಡಿದಿದ್ದರಿಂದ ಅಂಚು ಜಗ್ಗಿ ಹಿಗ್ಗಿತ್ತು. ಕಾಲರ್ ಹಲಗೆಯಾಗಿತ್ತು.

"ಇದು ಕೋಟಲ್ಲ ಮೇಡಂ," ಎಂದರು ಮಾಸ್ಟರ್. "ಬೀಮಾರ್ ರಜಾಯಿ ಅದ, ಜಡ್ಡು ಬಿದ್ದದ. ಇದಕ್ಕೇ ಒಂದು ಹೊದಿಕಿ ಹೊಚ್ಚಬೇಕು."

ಎರಡನೆಯ ಸಲ ನಾನು ಇನ್ನೂ ಶಿಸ್ತು ತಂದೆ. ಒಂದು ಇಂಚಿಗೆ ಆರು ಟಾಕಿ, ಎಂದರೆ ಸೂಜಿಯ ಆರು ಹೆಜ್ಜೆ, ಬರಬೇಕು ಎಂದು ರಟ್ಟಿನ ತುಂಡಿನ ಮೇಲೆ ಗುರುತು ಮಾಡಿ ಐವರಿಗೂ ಕೊಟ್ಟೆ. ಏಜೆಂಟ್ ಕಳಿಸಿದ ನಿಯಮಗಳನ್ನೂ ಓದಿ ಹೇಳಿದೆ. ಸೂಜಿ ಮುರಿದರೆ ಅದರ ಚೂರುಗಳನ್ನೆಲ್ಲ ಕೂಡಿಸಿ, ಕಾಗದಕ್ಕೆ ಅಂಟಿಸಿ, ಯಾವತ್ತು ಮುರಿಯಿತೆಂದು ಬರೆದಿಡಬೇಕು.

"ಸತ್ತ ಸೂಜಿಗೂ ದಿನಾ ಮಾಡ್ತೀರೇನ್ರಿ?" ಎಂದಳು ಸೊಸೆ. "ಹಂಗಾರ ಹನ್ನೊಂದನೇ ದಿನಕ್ಕ ನಾವೂ ಬರ್ತೀವಿ, ಊಟಕ್ಕ."

ದೊಡ್ಡವ್ವ ರಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಟಾಕಿ ಎಣಿಸಿದ್ರ ಕೈ ನಿಂತ್ಬಿಡ್ತೈತ್ರಿ," ಎಂದಳು. ಆದರೂ ಎಣಿಸಿಯೇ ಹೊಲಿದರು. ನನ್ನ ಮಾತಿಗೆ ಮರ್ಯಾದೆ ಕೊಟ್ಟು ಮಾಡಿದ ಆ ಎರಡನೆಯ ಕೋಟು ಮೊದಲನೆಯದಕ್ಕಿಂತ ಕೆಟ್ಟಿತ್ತು. ಸಾಲುಗಳು ಅಳೆದಂತೆ ಇದ್ದವು, ಬಟ್ಟೆ ಹೆದರಿದ ಹಾಗೆ ಸೆಟೆದಿತ್ತು. ನಾಲ್ಕು ವಾರ ಮುಗಿದಿತ್ತು. ಕೈಯಲ್ಲಿ ಒಂದು ಕೋಟೂ ಇರಲಿಲ್ಲ.

ಅದಾದ ಎರಡು ದಿನಕ್ಕೆ ದೊಡ್ಡವ್ವ ತಾನೇ ಸೊಸೆಯನ್ನು ಕರೆದುಕೊಂಡು ಮೆಟ್ರೋದಲ್ಲಿ ಉಪ್ಪಲ್‌ಗೆ ಬಂದಳು. ತಮ್ಮಿಂದ ಏನು ತಪ್ಪಾಯಿತೆಂದು ನೋಡಬೇಕಂತೆ. ಗೊಂಬೆಗೆ ತೊಡಿಸಿದ್ದ ಆ ಎರಡನೆಯ ಕೋಟಿನ ಸುತ್ತ ಒಂದು ಸುತ್ತು ಬಂದು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳು.

"ಇದನ್ನ ಹಾಕ್ಕೊಂಡು ಕುಂದ್ರಾಕ ಬರ್ತೈತೇನ್ರಿ ಸಾಹೇಬ್ರ?" ಎಂದು ಮಾಸ್ಟರ್‌ಗೆ ಕೇಳಿದಳು.

"ಕುಂತ್ರ ಏಳಾಕ್ ಬರಂಗಿಲ್ಲ ಆಪಾ," ಎಂದರು ಮಾಸ್ಟರ್.

"ನೀವು ಮೊದ್ಲು ಕೊಯ್ದು ಆಮ್ಯಾಲ ಹೊಲೀತೀರಿ. ನಾವು ಕೌದಿ ಕೊಯ್ಯಂಗಿಲ್ಲ. ದಂಡಿ ಹಿಡದು ಹೊಲ್ಕೋತ ಹೊಲ್ಕೋತ ಒಳಗ ಬರ್ತೀವಿ. ಅದು ಎಷ್ಟು ಜಗ್ತೈತೋ ಅಷ್ಟು ಜಗ್ಗಲಿ ಅಂತ ಬಿಡ್ತೀವಿ. ನೀವು ಕೊಯ್ದು ಕೊಟ್ಟಿದ್ದು ಹೊಲಿಯೂ ಮುಂದ ನನಗ, ಯಾರ್ದೋ ಕೈಕಾಲು ಬ್ಯಾರೆ ಬ್ಯಾರೆ ಹೊಲ್ದಂಗ ಆಕ್ಕೈತಿ."

ಇಲ್ಲಿ ನಾನು ಬಹಳ ಹೊತ್ತು ಯೋಚಿಸಿ ನಿರ್ಧಾರ ಮಾಡಿದೆ ಎಂದು ಬರೆಯಬಹುದು. ನಿಜ ಹೇಳಬೇಕೆಂದರೆ ಯೋಚಿಸಿದ ನೆನಪೇ ಇಲ್ಲ. ಕಾಗದದ ಹನ್ನೊಂದು ಭಾಗಗಳನ್ನು ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದು, ಅದು ಪಟ್ಟನೆ ಹರಿದದ್ದು, ಇನ್ನೊಂದು ಹಾಕಿದ್ದು, ಇಷ್ಟು ನೆನಪಿದೆ.

"ನಿಮ್ಮ ರೀತಿನೇ ಮಾಡ್ರಿ ದೊಡ್ಡವ್ವ. ಕೊಯ್ಯೂದು ಬ್ಯಾಡ."

ಮಾಸ್ಟರ್ ಎದ್ದು ನಿಂತರು. "ನಕ್ಕೋ, ಬ್ಯಾಡ ಮೇಡಂ. ಆರು ವಾರ ಅದ. ಕತ್ತರಿ ಇಲ್ದ ಕೋಟ್ ಎಲ್ಲಾರ ಅದ ಏನು? ಇದೂ ಹಾಳಾದ್ರ ಏಜೆಂಟ್‌ಗ ಏನ್ ತೋರಿಸ್ತೀರಿ, ಪಾತ್ರೆ?"

ದೊಡ್ಡವ್ವ ಆಗಲೇ ನೆಲದ ಮೇಲೆ ಐದು ಸೀರೆ ಹಾಸಿ ಅಂಗೈಯಿಂದ ಸುಕ್ಕು ತಳ್ಳುತ್ತಿದ್ದಳು.

"ಮಲಗ್ರಿ," ಎಂದಳು ನನಗೆ.

"ನಾನಾ?"

"ಮತ್ಯಾರು? ಸಾಹೇಬ್ರನ್ನ ಮಲಗಸ್ಲೇನು?"

ಇಪ್ಪತ್ತು ವರ್ಷಗಳಿಂದ ನಾನು ನಿಂತವರ ಅಳತೆ ತೆಗೆದುಕೊಂಡು ಬದುಕಿದವಳು. ಯಾರೂ ನನ್ನನ್ನು ಮಲಗಿಸಿ ಅಳತೆ ತೆಗೆದಿರಲಿಲ್ಲ. ಮಲಗಿ ಎರಡೂ ಕೈ ಚಾಚಿದೆ. ಅವಳು ಟೇಪು ಮುಟ್ಟಲಿಲ್ಲ. ಮೊಣಕಾಲೂರಿ ನನ್ನ ಸುತ್ತ ಸರಿಯುತ್ತಾ ಗೇಣು ಹಾಕಿದಳು: ಕುತ್ತಿಗೆಯಿಂದ ಮುಂಗೈವರೆಗೆ ನಾಲ್ಕು ಗೇಣು, ಕಂಕುಳಿಂದ ಮೊಣಕಾಲಿನವರೆಗೆ ಇನ್ನೆಷ್ಟೋ. ನಂತರ ಸೀರೆಗಳ ತುದಿಯನ್ನು ನನ್ನ ಮೇಲೆ ಮಡಚಿ ಹೊದಿಸಿ, ಹೆಗಲ ಮೇಲೆ ಒಂದು ಮಡಿಕೆ ಹಿಡಿದು, "ಉಸಿರಾಡ್ರಿ," ಎಂದಳು. ನಾನು ಉಸಿರು ಹಿಡಿದಿದ್ದೆ ಎಂದು ನನಗೇ ಗೊತ್ತಿರಲಿಲ್ಲ. ಉಸಿರು ಬಿಟ್ಟಾಗ ಆ ಮಡಿಕೆ ಬೆರಳಿನಷ್ಟು ಸರಿಯಿತು. ಅವಳು ಅಲ್ಲಿ ಸೂಜಿ ಚುಚ್ಚಿದಳು.

ಆ ಕೋಟನ್ನು ಅವಳೂ ಸೊಸೆಯೂ ಸ್ಟುಡಿಯೋದಲ್ಲೇ ಕೂತು ಆರು ದಿನ ಹೊಲಿದರು. ಬೆಳಗ್ಗೆ ಬಂದು ಸಂಜೆ ಹೋಗುತ್ತಿದ್ದರು. ನಾನೂ ಮಾಸ್ಟರೂ ಬೇರೆ ಕೆಲಸದ ನೆಪ ಮಾಡಿಕೊಂಡು ನೋಡುತ್ತಿದ್ದೆವು. ಹೆಗಲಲ್ಲಿ ಜೋಡಣೆ ಇಲ್ಲ; ಬೆನ್ನು, ಎದೆ, ತೋಳು ಎಲ್ಲ ಒಂದೇ ಬಟ್ಟೆ. ಬಟ್ಟೆಯನ್ನು ಹರಿಯಬೇಕಾದ ಕಡೆ ಕೈಯಿಂದ ಹರಿದಳು, ಅದು ನೂಲಿನ ದಾರಿ ಹಿಡಿದು ನೆಟ್ಟಗೆ ಹರಿಯಿತು. ಕೆಳ ಅಂಚಿನಿಂದ ಸಾಲು ಹೊರಟಿತು. ಹಿಂಗತ್ತಿನ ಹತ್ತಿರ ಅವಳು ಸಾಲುಗಳನ್ನು ಒತ್ತೊತ್ತಾಗಿ ಹಾಕಿದಳು, ಬೆನ್ನಿನ ಮೇಲೆ ಸಡಿಲ ಬಿಟ್ಟಳು, ಮೊಣಕೈ ಬರುವಲ್ಲಿ ಆಮೆಯ ಚಿಪ್ಪಿನ ಹಾಗೆ ದುಂಡಗೆ ಸುತ್ತಿದಳು. ಎಲ್ಲಿ ಒತ್ತಾಯಿತೋ ಅಲ್ಲಿ ಬಟ್ಟೆ ಕುಗ್ಗಿ ಒಳಗೆ ಬಾಗಿತು. ಎಲ್ಲಿ ಸಡಿಲವೋ ಅಲ್ಲಿ ಉಬ್ಬಿತು. ನಾಲ್ಕು ವಾರ ನಾನು ಯಾವ ಕುಗ್ಗುವಿಕೆಯ ವಿರುದ್ಧ ಹೋರಾಡಿದ್ದೆನೋ ಅದರಿಂದಲೇ ಅವಳು ಹೆಗಲು ಮಾಡುತ್ತಿದ್ದಳು, ಸೊಂಟ ಮಾಡುತ್ತಿದ್ದಳು.

"ಇಲ್ಲಿ ಹೆಚ್ಚು ಟಾಕಿ ಹಾಕಿದ್ರ ಬಾಗ್ತದ ಅಂತ ಯಾರು ಹೇಳಿಕೊಟ್ರಿ?" ಎಂದು ಕೇಳಿದೆ.

"ಯಾರು ಹೇಳ್ತಾರ? ಬಾಗಿದ್ರ ಗೊತ್ತಾಕ್ಕೈತಿ."

ಆರನೆಯ ದಿನ ಮಾಸ್ಟರ್ ಅದನ್ನು ಗೊಂಬೆಗೆ ತೊಡಿಸಿದರು. ಹಿಂದೆ ಮುಂದೆ ನೋಡಿದರು. ತೆಗೆದು ಒಳಗನ್ನು ಹೊರಗೆ ಮಾಡಿ, ಬಟ್ಟೆಯನ್ನು ಚಿವುಟಿ ಹೊಲಿದು ಆಕಾರ ತಂದ ಜಾಗಕ್ಕಾಗಿ ಬೆರಳಾಡಿಸಿದರು. ಅಂಥದ್ದು ಎಲ್ಲೂ ಇರಲಿಲ್ಲ. ಹೊರಗೆ ನಲ್ಲಿಯ ಹತ್ತಿರ ಹೋದರು. ಸೋಪು ಹಚ್ಚಿ ಕೈ ತೊಳೆದುಕೊಂಡು, ಒರೆಸಿಕೊಂಡು ಬಂದು, ಮತ್ತೊಮ್ಮೆ ಮುಟ್ಟಿದರು.

"ಬಟ್ಟಿ ತಾನೇ ಬಾಗ್ಯದ ಮೇಡಂ," ಎಂದರು. "ನಾನು ನಲವತ್ತು ವರ್ಷ ಹೊಡದು ಬಡದು ಬಾಗಿಸೀನಿ."

ಉಳಿದ ಮೂವರೂ ಉಪ್ಪಲ್‌ಗೆ ಬರತೊಡಗಿದರು. ಸ್ಟುಡಿಯೋದ ನೆಲದ ತುಂಬ ಸೀರೆ. ಪ್ರತಿ ಕೋಟಿಗೂ ಒಬ್ಬರು ಮಲಗಬೇಕಿತ್ತು: ಮಷೀನಿನ ಹೆಂಗಸರು ಮಲಗಿದರು, ಕೆಳಗಿನ ಅಂಗಡಿಯವನ ಹೆಂಡತಿ ಮಲಗಿದಳು, ಕೊನೆಗೆ ಮಾಸ್ಟರೂ ಟೋಪಿ ತೆಗೆದಿಟ್ಟು ಮಲಗಿದರು. "ಸಾಹೇಬ್ರು ಬಿಗಿ ಹಿಡದಾರ, ಯಾರೂ ಕೊಯ್ಯಂಗಿಲ್ರಿ, ಸಡಿಲ ಬಿಡ್ರಿ," ಎಂದು ಸೊಸೆ ಹೇಳಿದಾಗ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಒಂಬತ್ತು ಕೋಟು, ಒಂಬತ್ತು ಮೈ.

ಎಂಟನೆಯ ವಾರಕ್ಕೆ ಮೂರು ಕೋಟು ಮುಗಿದವು. ಉಳಿದ ಆರು ಮುಗಿಯುತ್ತಾ ಬಂದಿದ್ದವು. ಮುಗಿದ ಮೂರನ್ನು ನಾನು ಒಗೆಸಿದೆ. ಹೊರದೇಶಕ್ಕೆ ಹೋಗುವ ಯಾವ ಬಟ್ಟೆಯನ್ನೂ ಒಗೆಯದೆ ಕಳಿಸುವ ರೂಢಿ ನನಗಿರಲಿಲ್ಲ. ಬಣ್ಣ ಬಿಡುತ್ತದೋ ನೋಡಬೇಕು, ಬಟ್ಟೆ ಮೆತ್ತಗಾಗಬೇಕು. ಮಳೆಯ ದಿನ, ಐದು ಪದರ ಹತ್ತಿ. ಒಣಗಲಿಕ್ಕೆ ಮೂರು ದಿನ ಹಿಡಿಯಿತು.

ಮೂರನೆಯ ದಿನ ಬೆಳಗ್ಗೆ ಕೋಟನ್ನು ಹಗ್ಗದಿಂದ ತೆಗೆಯುವಾಗ ಎಡ ಪಕ್ಕೆಯ ಹತ್ತಿರ ಏನೋ ಬೆರಳಿಗೆ ತಾಗಿತು. ಎರಡು ಟಾಕಿಗಳ ನಡುವಿನಿಂದ ಬಿಳಿಯ ನೂಲಿನಂಥದ್ದು ಹೊರಗೆ ಬಂದಿತ್ತು. ಎಳೆಯಲು ಹೋದೆ. ನೂಲಲ್ಲ. ತುದಿಯಲ್ಲಿ ನಸುಹಸಿರು. ಪಕ್ಕದಲ್ಲಿ ಇನ್ನೊಂದು, ಮತ್ತೆ ಮೂರು. ಬಟ್ಟೆಯ ಒಳಗೆ ಜೋಳ ಮೊಳಕೆಯೊಡೆದಿತ್ತು.

ಯಾರೋ ಉಟ್ಟು ಬಿಟ್ಟ, ಪಾತ್ರೆಗೆ ಮಾರಿದ, ಗಾರೆ ಹೊರುವ ಕೈಗಳು ಹೊಲಿದ ಬಟ್ಟೆ, ನನ್ನ ಬಾಲ್ಕನಿಯಲ್ಲಿ ಚಿಗುರಿತ್ತು. ಹೆದರಿಕೆ ಆಮೇಲೆ ಬಂತು. ಏಜೆಂಟ್‌ನ ನಿಯಮದ ಎರಡನೆಯ ಸಾಲು: ಬಟ್ಟೆ ಮತ್ತು ನೂಲು ಬಿಟ್ಟು ಒಳಗೆ ಏನೂ ಇರಬಾರದು, ಬೇಕಾದ ಒಂದನ್ನು ಬಿಚ್ಚಿ ನೋಡಲಾಗುವುದು.

ಕೌದಿ ಹೊಲಿಯುವವರು ಸುತ್ತುತ್ತ ಬಂದು ಕೊನೆಗೆ ಅಂಗೈಯಷ್ಟು ಜಾಗ ಉಳಿಸುತ್ತಾರೆ. ಅದು ಕೌದಿಯ ಹೊಟ್ಟೆ. ಅದರಲ್ಲಿ ಚೂರು ಹೋಳಿಗೆಯನ್ನೋ ಹಿಡಿ ಕಾಳನ್ನೋ ಇಟ್ಟು ಮುಚ್ಚಬೇಕು. ಹಸಿದ ಕೌದಿಯನ್ನು ಯಾರಿಗೂ ಹೊದಿಸಬಾರದು. ಇದು ನನಗೆ ಗೊತ್ತಿತ್ತು. ನಮ್ಮ ಅಜ್ಜಿ ಹೋಳಿಗೆ ಮುರಿದು ಇಡುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಈಗ ಇಷ್ಟು ಚೆನ್ನಾಗಿ ನೆನಪಾಗುವುದು ಆಗ ಆಗಿರಲಿಲ್ಲ. ಒಳಗೆ ಏನೂ ಹಾಕಬೇಡಿ ಎಂದು ಮೊದಲೇ ಹೇಳಿದ್ದೆ ಎಂದು ಮಾಸ್ಟರ್ ಎದುರು ವಾದಿಸಿದೆ. ನೋಟ್‌ಬುಕ್ಕಿನಲ್ಲಿ ಒಂದು ಕಡೆ ಹೀಗಿದೆ: "ಹೊಟ್ಟೆ, ದೊಡ್ಡವ್ವನ್ನ ಕೇಳಬೇಕು." ಕೇಳಿದ ಗುರುತು ಎಲ್ಲೂ ಇಲ್ಲ.

ದೊಡ್ಡವ್ವ ಬಂದು ಮೊಳಕೆ ನೋಡಿದವಳು ಗೋಡೆಗೆ ಒರಗಿ ಕೂತು ನಕ್ಕಳು. ಕಣ್ಣಲ್ಲಿ ನೀರು ಬಂತು. "ಹೊಸಾ ಕೌದಿ ಯಾರು ಒಗೀತಾರ, ನನ್ನವ್ವ? ಕಾಳಿಗೆ ಏನು ಗೊತ್ತು, ಮಳಿ ಬಂತು ಅನಕೊಂಡೈತಿ."

"ನಗಬ್ಯಾಡ್ರಿ ದೊಡ್ಡವ್ವ. ಇವನ್ನ ತಗೀಬೇಕು. ಉಳಿದ ಆರಕ್ಕ ಏನೂ ಹಾಕಬ್ಯಾಡ್ರಿ, ಹಂಗೇ ಮುಚ್ರಿ."

ಅವಳ ನಗು ನಿಂತಿತು. "ಈ ಮೂರು ಉಂಡಾವು. ಉಂಡೇ ಚಿಗತಾವು. ಬಿಚ್ಚಿ ತಗದ್ರ ಅಡ್ಡಿಲ್ಲ. ಆದ್ರ ಅವು ಆರು ಇನ್ನೂ ಉಂಡಿಲ್ಲ."

"ಒಳಗ ಕಾಳು ಸಿಕ್ರ ಒಂಬತ್ತೂ ವಾಪಸ್ ಬರ್ತಾವು. ನಾನು ಅಂಗಡಿ ಮುಚ್ಚಬೇಕಾಗ್ತದ."

"ಅದು ಖರೇ ಇರಬಹುದು. ನನ್ನ ಕೈ ಬರಂಗಿಲ್ಲ. ಇನ್ನೊಬ್ರ ಮೈ ಬೆಚ್ಚಗಿಡೂದು ಅದು. ತಾನs ಹಸದಿದ್ರ ಇನ್ನೊಬ್ರನ್ನ ಹೆಂಗ ನೋಡ್ಕೊಂತೈತಿ?"

ಜಗಳ ಅಲ್ಲ. ಅವಳು ದನಿ ಎತ್ತಲೂ ಇಲ್ಲ. ಮೂರು ಕೋಟಿನ ಹೊಟ್ಟೆಯನ್ನು ತಾನೇ ಬಿಚ್ಚಿ, ಒಂದು ಕಾಳೂ ಉಳಿಯದಂತೆ ತೆಗೆದು, ಮೊಳಕೆಗಳನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಹೋದಳು. ಮರುದಿನ ಐವರೂ ಬಂದರು, ಆರು ಕೋಟಿನ ಸಾಲುಗಳನ್ನು ಹೊಟ್ಟೆಯವರೆಗೆ ತಂದು ನಿಲ್ಲಿಸಿದರು. ಏಜೆಂಟ್ ಬರಲು ಒಂದು ವಾರವಿತ್ತು. ಗುಂಡಿಗೆ ಪಂಪು ಬಂದಿದೆಯೆಂದು ಸೈಟಿನಿಂದ ಸುದ್ದಿಯೂ ಬಂತು.

"ಮಷೀನ್ ಮ್ಯಾಲ ಎರಡು ಮಿನಿಟಿನ ಕೆಲಸ ಮೇಡಂ," ಎಂದರು ಮಾಸ್ಟರ್, ನನ್ನ ಮುಖ ನೋಡದೆ.

ಒಂದು ಕೋಟನ್ನು ತೊಡೆಯ ಮೇಲೆ ಹಾಕಿಕೊಂಡು ಸೂಜಿಗೆ ದಾರ ಪೋಣಿಸಿ ಕೂತೆ. ಆ ಸಾಲುಗಳ ಕೊನೆಗೆ ನನ್ನ ಟಾಕಿ ಹಾಕಲು ಕೈ ಏಳಲಿಲ್ಲ. ಅವಳ ನಂಬಿಕೆಗೆ ಗೌರವ ಕೊಟ್ಟೆ ಎಂದು ಹೇಳಿಕೊಳ್ಳಲು ಆಸೆಯಾಗುತ್ತದೆ. ಆ ಸಾಲಿನ ಪಕ್ಕದಲ್ಲಿ ನನ್ನ ಹೊಲಿಗೆ ಎಷ್ಟು ಕೆಟ್ಟದಾಗಿ ಕಾಣುತ್ತದೆಂಬ ಹೆದರಿಕೆಯೂ ಇದ್ದಿರಬೇಕು.

ಮುಂದಿನದನ್ನು ಮೂವರು ಮೂರು ಥರ ಹೇಳುತ್ತಾರೆ. ಮಾಸ್ಟರ್ ಪ್ರಕಾರ "ಇದು ಜೇಬು ಆಗ್ತದಲ್ಲ" ಎಂದವರು ಅವರು. ಸೊಸೆಯ ಪ್ರಕಾರ ಅವಳು ಹೊಲಿಯುವಾಗ ತನ್ನ ಫೋನನ್ನು ಆ ತೆರೆದ ಹೊಟ್ಟೆಯಲ್ಲೇ ಇಡುತ್ತಿದ್ದಳು, ಅದು ಅಲ್ಲಿ ರಿಂಗಾದಾಗ ನಾವೆಲ್ಲ ನೋಡಿದೆವು. ನನಗೆ ನೆನಪಿರುವುದು, ಕೂತಲ್ಲೇ ಚಳಿಯಾಗಿ ನನ್ನ ಎಡಗೈ ಅದರೊಳಗೆ ಹೋಗಿತ್ತು, ಪದರಗಳ ನಡುವೆ ಬೆಚ್ಚಗಿತ್ತು. ನೋಟ್‌ಬುಕ್ಕಿನಲ್ಲಿ ಆ ದಿನದ ಪುಟ ಖಾಲಿ. ಯಾರು ಹೇಳಿದರೋ, ದೊಡ್ಡವ್ವ ಕೇಳಿಸಿಕೊಂಡಳು. ಕೋಟನ್ನು ಎತ್ತಿ, ಆ ಬಾಯಿಯೊಳಗೆ ತಾನೂ ಕೈ ಹಾಕಿ ನೋಡಿ, ತಲೆಯಾಡಿಸಿದಳು.

"ಮುಚ್ಚಬ್ಯಾಡ್ರಿ ಹಂಗಾರ. ಹಾಕ್ಕೊಂಡಾಕಿ ತಾನs ತುಂಬ್ಲಿ. ತನಗ ಏನು ಉಣ್ಣಸಬೇಕನಸ್ತೈತೋ ಅದು."

ಒಂಬತ್ತಕ್ಕೂ ಹೊಟ್ಟೆಯ ಬಾಯಿಗೆ ಸೀರೆಯ ಅಂಚು ಹರಿದು ಪಟ್ಟಿ ಕಟ್ಟಿದೆವು. ಎರಡೂ ತುದಿ ಜಗ್ಗಿದರೆ ಹರಿಯದಂತೆ ಮಾಸ್ಟರ್ ಕೈಯಿಂದಲೇ ಗಟ್ಟಿ ಟಾಕಿ ಹಾಕಿದರು. ಆ ವಾರ ಅವರು ಮಷೀನು ಮುಟ್ಟಿದ್ದನ್ನು ನಾನು ನೋಡಲಿಲ್ಲ. ಜೇಬುಗಳೆಲ್ಲ ಒಂದೇ ಜಾಗದಲ್ಲಿರಲಿಲ್ಲ. ಸಾಲುಗಳು ಸುತ್ತಿ ಬಂದು ಎಲ್ಲಿ ಕೂಡಿದವೋ ಅಲ್ಲಿ: ಒಂದರಲ್ಲಿ ಪಕ್ಕೆ, ಒಂದರಲ್ಲಿ ಎದೆಯ ಕೆಳಗೆ, ಮಾಸ್ಟರ್ ಮೈಯ ಕೋಟಿನಲ್ಲಿ ಹೆಚ್ಚುಕಡಿಮೆ ಬೆನ್ನಿಗೆ.

ಏಜೆಂಟ್ ಮುಂಬೈಯಿಂದ ಬೆಳಗಿನ ವಿಮಾನಕ್ಕೆ ಬಂದಿದ್ದರು. ನನ್ನಷ್ಟೇ ವಯಸ್ಸಿನ ಹೆಂಗಸು, ಕಡಿಮೆ ಮಾತು. ಮರುದಿನದಿಂದ ಸೈಟಿನಲ್ಲಿ ಕೆಲಸ ಶುರುವಿತ್ತು, ಆದರೂ ದೊಡ್ಡವ್ವ ಮತ್ತು ಸೊಸೆ ಬಂದು ಗೋಡೆಯ ಹತ್ತಿರ ಕೂತಿದ್ದರು. ಏಜೆಂಟ್ ಕೋಟುಗಳನ್ನು ಒಂದೊಂದಾಗಿ ಸೂಜಿ ಪತ್ತೆಮಾಡುವ ಯಂತ್ರದ ಕೆಳಗೆ ಸಾಗಿಸಿದರು. ಯಂತ್ರ ಒಮ್ಮೆಯೂ ಕೂಗಲಿಲ್ಲ. ಮೊದಲ ಕೋಟಿನ ತೆರೆದ ಬಾಯಿಯಿಂದ ಟಾರ್ಚ್ ಹಿಡಿದು ಒಳಗೆ ನೋಡಿದರು. ಆಮೇಲೆ ಟೇಪು ತೆಗೆದರು. ಮೊದಲನೆಯದನ್ನು ಅಳೆದು ಬರೆದುಕೊಂಡರು. ಎರಡನೆಯದು. ಮೂರನೆಯದು. ಮೂರರ ಒಂದು ಸಂಖ್ಯೆಯೂ ಇನ್ನೊಂದಕ್ಕೆ ಹೊಂದಲಿಲ್ಲ.

"ಇವುಗಳಲ್ಲಿ ಸ್ಯಾಂಪಲ್ ಯಾವುದು?" ಎಂದು ಹಿಂದಿಯಲ್ಲಿ ಕೇಳಿದರು.

"ಎಲ್ಲವೂ," ಎಂದೆ.

"ಮತ್ತೆ ಇದು? ಹೊಲಿಯದೆ ಬಿಟ್ಟಿದ್ದೀರಿ." ಅವರ ಬೆರಳು ಹೊಟ್ಟೆಯ ಬಾಯಿಯ ಮೇಲಿತ್ತು. ನಾನು ವಿವರಿಸಲು ಶುರು ಮಾಡಿದೆ: ಉತ್ತರ ಕರ್ನಾಟಕ, ಪರಂಪರೆ, ಹೀಗೇ ಏನೋ. ನನ್ನ ಕಿವಿಗೇ ಅದು ಕರಪತ್ರ ಓದಿದ ಹಾಗೆ ಕೇಳುತ್ತಿತ್ತು. ದೊಡ್ಡವ್ವ ಎದ್ದು ಬಂದಳು. ಅವಳಿಗೆ ಹಿಂದಿ ಬರುತ್ತಿರಲಿಲ್ಲ. ನಾಲ್ಕನೆಯ ಕೋಟನ್ನು ಬಿಡಿಸಿ ಏಜೆಂಟ್‌ನ ಹೆಗಲಿಗೆ ಹಾಕಿ, ಒಂದೊಂದೇ ತೋಳು ತೊಡಿಸಿದಳು, ಶಾಲೆಗೆ ಹೋಗುವ ಮಗುವಿಗೆ ತೊಡಿಸುವ ಹಾಗೆ. ಆಮೇಲೆ ಅವರ ಬಲಗೈ ಹಿಡಿದು ಆ ಬಾಯಿಯೊಳಗೆ ಸೇರಿಸಿ, ಮೇಲೆ ತನ್ನ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಿಡಿದುಕೊಂಡಳು.

ಏಜೆಂಟ್ ಕೈ ತೆಗೆಯಲಿಲ್ಲ. ಕೆಳಗೆ ರಸ್ತೆಯಲ್ಲಿ ಯಾವುದೋ ಲಾರಿ ಹಿಂದಕ್ಕೆ ಬರುತ್ತಿತ್ತು. ಅದು ನಿಂತಿತು. ನಂತರ ಕೋಟು ತೊಟ್ಟೇ ಮೇಜಿನ ಹತ್ತಿರ ಹೋಗಿ, ಎಡಗೈಯಿಂದ ಟೇಪು ಸುತ್ತಿ ಚೀಲಕ್ಕೆ ಹಾಕಿದರು. ಅಳತೆಯ ಕಾಲಮ್ಮನ್ನು ಮೇಲಿಂದ ಕೆಳಗೆ ಒಂದು ಗೆರೆಯಿಂದ ಹೊಡೆದು, ಪಕ್ಕದಲ್ಲಿ ಒಂದು ಸಾಲು ಬರೆದರು: ಒಂಬತ್ತು ಕೋಟು, ಒಂದರಂತೆ ಇನ್ನೊಂದಿಲ್ಲ, ಎಲ್ಲವೂ ಪಾಸ್. ಸಹಿ ಮಾಡಿದರು. ಕೋಟು ಕಳಚುವಾಗ ತೋಳಿನ ಮೊಣಕೈಯನ್ನು, ಆ ಆಮೆ ಚಿಪ್ಪನ್ನು, ಒಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿದರು. ನಮಸ್ಕಾರ ಮಾಡಿ ಇಳಿದು ಹೋದರು.

ಮಾಸ್ಟರ್ ಕುರ್ಚಿಯಲ್ಲಿ ಕೂತುಬಿಟ್ಟರು. ನಾನು ಆ ಕಾಗದ ಹಿಡಿದುಕೊಂಡು ನಿಂತಿದ್ದೆ. ಸಂತೋಷವಾಗಿತ್ತೋ ಇಲ್ಲವೋ ಹೇಳಲಾರೆ.

ದೊಡ್ಡವ್ವ ಮಾತ್ರ ಬಾಗಿಲ ಕಡೆ ನೋಡುತ್ತಿದ್ದಳು.

"ಆಕಿ ಕೈ ಹಿಡದ್ನಲ್ಲ," ಎಂದಳು, "ಥಣ್ಣಗಿತ್ತು. ಮುಂಜಾನಿಂದ ಏನೂ ತಿಂದಿಲ್ಲ ಆಕಿ. ನಾವು ಒಬ್ರೂ ಕೇಳಲಿಲ್ಲ ನೋಡ್ರಿ."

ರೊಟ್ಟಿಯ ಗಂಟು ಗೋಡೆಯ ಹತ್ತಿರವೇ ಇತ್ತು. ಸೊಸೆ ಅದನ್ನು ಬಿಚ್ಚತೊಡಗಿದಳು. ಮಾಸ್ಟರ್ ಅಷ್ಟರಲ್ಲಿ ಎದ್ದು, ಕ್ಯಾಬ್ ತಡೆಯಿರೆಂದು ಕೆಳಗಿನವರಿಗೆ ತೆಲುಗಿನಲ್ಲಿ ಕೂಗುತ್ತಾ, ಎರಡೆರಡು ಮೆಟ್ಟಿಲು ಇಳಿಯುತ್ತಿದ್ದರು.